ಕ್ಲಚ್ ಒತ್ತುವ ಕಾಲು ಯಾರದು?

ಕಾರಿಗೆ ರೀಮ್ಯಾಪ್ ಮಾಡಿಸಿದ ಬಹಳಷ್ಟು ಮಂದಿಗೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಒಂದೇ ಪ್ರಶ್ನೆ ಎದುರಾಗುತ್ತೆ. ಕ್ಲಚ್ ಜಾರ್ತಾ ಇದೆ, ಈಗ ಯಾವುದು ಹಾಕಿಸೋದು? ರೀಮ್ಯಾಪ್ ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಹೆಚ್ಚು ಶಕ್ತಿ ತೆಗೆಯೋದು. ಅರ್ಧ ದಿನದ ಕೆಲಸ, ಕಾರು ಹಾರಿದ ಹಾಗೆ ಓಡುತ್ತೆ. ಆದರೆ ಆ ಹೆಚ್ಚಿನ ಶಕ್ತಿಯನ್ನು ಚಕ್ರಕ್ಕೆ ದಾಟಿಸಬೇಕಾದ ಕ್ಲಚ್ ಹಳೆಯದೇ ಇರುತ್ತೆ.

ಈ ಸಲ ಪ್ರಶ್ನೆ ನಮ್ಮ ಮನೆಗೇ ಬಂತು. ತಮ್ಮನದು ಪೋಲೊ ಜಿಟಿ ಟಿಡಿಐ. ಭಾರತದಲ್ಲಿ ಪೋಲೊ ತಯಾರಿಕೆ 2022ರಲ್ಲೇ ನಿಂತುಹೋಯಿತು. ಹಾಗಾಗಿ ಇದ್ದವರು ಅದನ್ನು ಜೋಪಾನ ಮಾಡ್ತಾರೆ, ಕೆಲವರು ಜೋಪಾನದ ಜೊತೆ ಜೋರೂ ಮಾಡಿಸ್ತಾರೆ. ಕಂಪನಿ ಕೊಟ್ಟ ಟಾರ್ಕ್ 250 ನ್ಯೂಟನ್ ಮೀಟರ್. ಟ್ಯೂನ್ ಮಾಡಿದವರು ಕೊಟ್ಟ ಚೀಟಿಯಲ್ಲಿ 320. ಐದನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿದರೆ ಆರ್‌ಪಿಎಂ ಮುಳ್ಳು ಸರ್‍ರನೆ ಮೇಲೇರುತ್ತೆ, ವೇಗ ಮಾತ್ರ ಇದ್ದಲ್ಲೇ. ಕ್ಲಚ್ ಜಾರೋದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ.

ಬಿಡಿಭಾಗ ಮಾರುವವರೊಬ್ಬರು ಆರು ಬಿಲ್ಲೆಯ ಸೆರಾಮಿಕ್ ಕ್ಲಚ್ ತೋರಿಸಿದ್ದರು. 550 ನ್ಯೂಟನ್ ಮೀಟರ್ ತಡೆಯುತ್ತಂತೆ. ತಮ್ಮನಿಗೆ ಅದರ ಮೇಲೇ ಮನಸ್ಸು. "ಅಣ್ಣಾ, ಒಮ್ಮೆ ಹಾಕಸೂದು, ಗಟ್ಟೀದ ಹಾಕಸೂಣು. ಮುಂದ ದೊಡ್ಡ ಟರ್ಬೊ ಕೂಡ್ಸಿದ್ರೂ ಚಿಂತಿಲ್ಲ" ಅಂದ.

ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಕ್ಲಚ್ಚಿನ ಲೆಕ್ಕ ಬೇರೆ.

ಒಂದು ಕ್ಲಚ್ ಎಷ್ಟು ಟಾರ್ಕ್ ತಡೆಯುತ್ತೆ ಅನ್ನೋದು ನಾಲ್ಕು ಸಂಗತಿಗಳ ಗುಣಾಕಾರ. ಪ್ಲೇಟಿನ ಮೇಲಿನ ವಸ್ತುವಿನ ಘರ್ಷಣೆ, ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಒತ್ತುವ ಬಲ, ಪ್ಲೇಟಿನ ಅಗಲ, ತಿಕ್ಕುವ ಮುಖಗಳ ಸಂಖ್ಯೆ. ಯಾವುದನ್ನು ಹೆಚ್ಚಿಸಿದರೂ ಹಿಡಿತ ಹೆಚ್ಚುತ್ತೆ. ಆದರೆ ಪ್ರತಿಯೊಂದಕ್ಕೂ ಒಂದು ಬೆಲೆ ಇದೆ. ಸ್ಪ್ರಿಂಗ್ ಬಲ ಹೆಚ್ಚಿಸಿದರೆ ಪೆಡಲ್ ಗಟ್ಟಿಯಾಗುತ್ತೆ. ಘರ್ಷಣೆ ಹೆಚ್ಚಿಸಿದರೆ ಹಿಡಿಯೋದು ಒರಟಾಗುತ್ತೆ. ಅಗಲ ಹೆಚ್ಚಿಸೋಣ ಅಂದರೆ ಫ್ಲೈವ್ಹೀಲ್ ಮತ್ತು ಅದರ ಕವಚದಲ್ಲಿ ಜಾಗವಿಲ್ಲ. ಎರಡು ಪ್ಲೇಟ್ ಹಾಕೋಣ ಅಂದರೆ ಜೇಬಿನಲ್ಲಿ ಜಾಗವಿಲ್ಲ.

ಇನ್ನೊಂದು ಮಾತು. ಜಾರುವ ವಿಷಯದಲ್ಲಿ ನೋಡಬೇಕಾದ್ದು ಹಾರ್ಸ್‌ಪವರ್ ಅಲ್ಲ, ಟಾರ್ಕ್. ಟರ್ಬೊ ಡೀಸೆಲ್‌ನಲ್ಲಿ ಈ ಟಾರ್ಕ್ 1500 ಆರ್‌ಪಿಎಂ ಹೊತ್ತಿಗೇ ಒಮ್ಮೆಲೇ ಬಂದು ಬೀಳುತ್ತೆ. ಕ್ಲಚ್ಚಿಗೆ ಸಾವಕಾಶ ಸಿಗೋದಿಲ್ಲ.

ಇಷ್ಟು ಗೊತ್ತಾದ ಮೇಲೆ ನಾನು ತಮ್ಮನಿಗೆ ಕೇಳಿದ್ದು ಎಂಜಿನ್ ಬಗ್ಗೆ ಅಲ್ಲ, ದಾರಿಯ ಬಗ್ಗೆ. ಅವನ ಮನೆ ಶಿಗ್ಗಾಂವಿಯಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ವಾರಕ್ಕೆ ಮೂರು ದಿನ ಅವನು ಕಾರು ಒಯ್ಯುತ್ತಾನೆ, ಉಳಿದ ದಿನ ಗೆಳೆಯರ ಗಾಡಿ. ಆ ಮೂರು ದಿನ ಬಿಟ್ಟು ಕಾರು ಅವನ ಹೆಂಡತಿಯದು. ಆಕೆ ಸವಣೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕಿ. ಅಪ್ಪ ಅಮ್ಮ ಹಾನಗಲ್ಲಿನಲ್ಲಿ, ಬೀಗರು ಹಿರೇಕೆರೂರಿನಲ್ಲಿ. ಭಾನುವಾರ ಬಂತಂದ್ರೆ ಎರಡರಲ್ಲಿ ಒಂದು ಕಡೆ ಗಾಡಿ ಹೊರಡಲೇಬೇಕು.

ಒಂದು ವಾರ ಇಬ್ಬರಿಗೂ ಒಂದು ಕೆಲಸ ಹಚ್ಚಿದೆ. ಪ್ರತಿ ಸಲ ಕ್ಲಚ್ ಒತ್ತಿದ್ದನ್ನು ಎಣಿಸೋದು. ಶಿಗ್ಗಾಂವಿಯಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಹುಬ್ಬಳ್ಳಿ ಆಫೀಸು ತಲುಪೋವರೆಗೆ ತಮ್ಮನ ಲೆಕ್ಕ 31. ಅದರಲ್ಲಿ ಮುಕ್ಕಾಲು ಪಾಲು ಹುಬ್ಬಳ್ಳಿ ಊರೊಳಗೇ. ಆಕೆಯದು ಮನೆಯಿಂದ ಶಾಲೆಗೆ 74, ದೂರ ಹುಬ್ಬಳ್ಳಿಗಿಂತ ಎಷ್ಟೋ ಕಡಿಮೆ. ಹಂಪ್, ಸವಣೂರು ಪೇಟೆ, ಎದುರಿಗೆ ಎರಡು ಟ್ರೇಲಿ ಕಬ್ಬು ಎಳೆಯೋ ಟ್ರ್ಯಾಕ್ಟರ್. ಹಿರೇಕೆರೂರಿನ ದಾರಿಯಲ್ಲಿ ಸುಗ್ಗಿ ಹೊತ್ತಿಗೆ ರಸ್ತೆ ಮೇಲೇ ಗೋವಿನಜೋಳ ಹರವಿರ್ತಾರೆ, ಅಲ್ಲಿ ನಡಿಗೆಯ ವೇಗ.

ಈ ಎಣಿಕೆಯಲ್ಲೇ ಉತ್ತರ ಇದೆ. ಕ್ಲಚ್ ಪೂರ್ತಿ ಹಿಡಿದು ಕೂತಾಗ, ಜಾರದಿದ್ದರೆ, ಸವೆಯೋದಿಲ್ಲ. ಸವೆಯೋದು ಹಿಡಿಯುವ, ಬಿಡುವ ಆ ಅರೆಕ್ಷಣದಲ್ಲಿ. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿದರೂ ಕ್ಲಚ್ಚಿನ ಆಯುಷ್ಯ ಹೆಚ್ಚೇನೂ ಕರಗೋದಿಲ್ಲ. ಸವಣೂರು ಪೇಟೆಯಲ್ಲಿ ಹತ್ತು ನಿಮಿಷ ಹಾಫ್ ಕ್ಲಚ್‌ನಲ್ಲಿ ತೆವಳಿದರೆ ಕರಗುತ್ತೆ. ಮಜಾ ಕೊಡೋದು ಹೆದ್ದಾರಿ, ಕ್ಲಚ್ ಆರಿಸಬೇಕಾದ್ದು ಪೇಟೆ.

ಆ ಸೆರಾಮಿಕ್ ಪ್ಲೇಟಿನ ಫೋಟೊವನ್ನು ಹಿರೇಕೆರೂರಿನಲ್ಲಿ ಪರಿಚಯದ ಟ್ರ್ಯಾಕ್ಟರ್ ಮಿಸ್ತ್ರಿ ಒಬ್ಬರಿಗೆ ತೋರಿಸಿದೆ. ನೋಡಿದ ಕೂಡಲೇ ನಕ್ಕರು. "ಇದು ನಮ್ಮ ಟ್ರ್ಯಾಕ್ಟರಿನ ಪ್ಲೇಟ್ ಇದ್ದಂಗ ಐತಲ್ರೀ!" ನಿಜವೇ. ಹೇರು ಎಳೆಯುವ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಇಂಥದ್ದೇ ಲೋಹ ಬೆರೆತ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಕಾವು ತಡೆಯುತ್ತೆ, ಗಟ್ಟಿ ಹಿಡಿಯುತ್ತೆ. ಟ್ರ್ಯಾಕ್ಟರ್ ಸಣ್ಣ ಗೇರಿನಲ್ಲಿ ಹೊರಡುತ್ತೆ, ಜರ್ಕ್ ಹೊಡೆದರೂ ಯಾರೂ ಕೇಳೋದಿಲ್ಲ. ಮಿಸ್ತ್ರಿ ಕೇಳಿದ್ದು ಒಂದೇ ಮಾತು: "ಕಾರಿನ್ಯಾಗ ಹೇರು ಏನ್ ಹೇರ್ತೀರ್ರಿ?"

ತಮ್ಮನ ಗೆಳೆಯನೊಬ್ಬನ ಕಾರಿನಲ್ಲಿ ಅಂಥದ್ದೇ ಕ್ಲಚ್ ಇತ್ತು. ಒಂದು ಭಾನುವಾರ ಅದನ್ನು ಕೇಳಿ ತಂದು, ತಮ್ಮನ ಹೆಂಡತಿ ಕೈಗೆ ಕೊಟ್ಟೆವು. ಆಕೆ ಗಾಡಿ ಕಲಿತು ಒಂದೂವರೆ ವರ್ಷ. ಅದಕ್ಕೂ ಮೊದಲು ಸವಣೂರಿಗೆ ಬಸ್, ಅಲ್ಲಿಂದ ಶಾಲೆಗೆ ಆಟೊ, ಸಂಜೆ ಆಟೊ ಸಿಗದಿದ್ದರೆ ನಡಿಗೆ. ಪೇಟೆಯ ಏರಿನಲ್ಲಿ ಗಾಡಿ ಎರಡು ಸಲ ಬಂದ್ ಬಿತ್ತು. ಮೂರನೇ ಸಲ ಗಕ್ಕನೆ ಹಾರಿ ಮುಂದಿನ ಸ್ಕೂಟರಿನ ಹತ್ತಿರ ಹೋಗಿ ನಿಂತಿತು. ಆಕೆ ಹ್ಯಾಂಡ್‌ಬ್ರೇಕ್ ಎಳೆದು, ತಣ್ಣಗೆ ಹೇಳಿದಳು: "ಭಾವಾರ, ಇದನ್ನ ಹಾಕಸೂದಿದ್ರ ಹಾಕಸ್ರಿ. ನಾ ಮತ್ತ ಬಸ್ಸಿಗೆ ಹೊಕ್ಕೀನಿ."

ಅಲ್ಲಿಗೆ ತಮ್ಮ ಸುಮ್ಮನಾದ. ಅವನಿಗೆ ಸಿಗುವ ನಾಲ್ಕು ಸೆಕೆಂಡಿನ ಮಜಾಕ್ಕೆ ಆಕೆ ತನ್ನ ಗಾಡಿಯನ್ನೇ ಬಿಡಬೇಕಾಗುತ್ತಿತ್ತು.

ಹಾಗಾದರೆ ಕೊನೆಗೆ ಯಾವುದು? ನಾವು ಲೆಕ್ಕ ಹಾಕಿದ್ದು ಹೀಗೆ. ಎಂಜಿನ್ ಟಾರ್ಕ್ 320. ಅದರ ಮೇಲೆ ಶೇ. 20ರಷ್ಟು ಹೆಚ್ಚುವರಿ ಹಿಡಿತ ಇಟ್ಟರೆ 384. ಅಂದರೆ 390ರ ಆಸುಪಾಸಿನ ಕ್ಲಚ್ ಸಾಕು. ಈ ಅಂಕಿ ಎಂಜಿನ್ ಹತ್ತಿರದ್ದೋ, ಚಕ್ರದ ಹತ್ತಿರ ಅಳೆದದ್ದೋ ಅಂತ ಮಾರುವವರನ್ನು ಕೇಳಿ. ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತೆ. ನಾವು ಆರಿಸಿದ್ದು ಪೂರ್ತಿ ಮುಖದ ಆರ್ಗ್ಯಾನಿಕ್ ಪ್ಲೇಟ್, ನಡುವೆ ಸ್ಪ್ರಿಂಗ್ ಇರುವ ಹಬ್, ಕೊಂಚ ಬಲವಾದ ಪ್ರೆಶರ್ ಪ್ಲೇಟ್. ಆರ್ಗ್ಯಾನಿಕ್ ಅಂದ್ರೆ ಸಾವಯವ ಬೆಲ್ಲದ ಥರ ಅಲ್ಲ ಮತ್ತೆ! ನಾರು, ರಾಳ ಸೇರಿಸಿ ಮಾಡಿದ, ಸಾಮಾನ್ಯ ಕಾರುಗಳಲ್ಲೇ ಇರುವ ಜಾತಿ. ಮೆತ್ತಗೆ ಹಿಡಿಯುತ್ತೆ. ನಡುವಿನ ಕೆವ್ಲರ್ ಜಾತಿಯೂ ಇದೆ, ಬಾಳಿಕೆ ಚೆನ್ನ. ಆದರೆ ಕೂರೋಕೆ ಹೆಚ್ಚು ದಿನ ಬೇಕು, ಅತಿಯಾಗಿ ಕಾದರೆ ಮುಖ ನುಣುಪಾಗಿ ಮತ್ತೆ ಜಾರುತ್ತೆ.

ಜೊತೆಗೆ ಟ್ಯೂನರಿಗೆ ಹೇಳಿ 2000 ಆರ್‌ಪಿಎಂ ಕೆಳಗೆ ಟಾರ್ಕ್ ನಿಧಾನವಾಗಿ ಏರುವಂತೆ ಮಾಡಿಸಿದೆವು. ಮೇಲಿನ ಓಟ ಹಾಗೇ ಇದೆ, ಕೆಳಗಿನ ಏಟು ಕಡಿಮೆಯಾಗಿದೆ. ಕ್ಲಚ್ ಉಳಿಸೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ನೀವೂ ಈ ಕೆಲಸಕ್ಕೆ ಹೊರಟಿದ್ದರೆ ಕೆಲವು ಮಾತು.

ಹೊಸದು ಕೊಳ್ಳುವ ಮೊದಲು ಆಯಿಲ್ ಸೋರಿಕೆ ನೋಡಿಸಿ. ಸೀಲ್ ಹೋಗಿ ಪ್ಲೇಟಿಗೆ ಎಣ್ಣೆ ತಾಗಿದರೆ ಎಷ್ಟು ದುಬಾರಿ ಕ್ಲಚ್ ಆದರೂ ಜಾರುತ್ತೆ.

ಗೇರ್‌ಬಾಕ್ಸ್ ಇಳಿಸೋದೇ ದೊಡ್ಡ ಕೂಲಿ. ಇಳಿಸಿದಾಗಲೇ ರಿಲೀಸ್ ಬೇರಿಂಗ್ ಬದಲಿಸಿ, ಫ್ಲೈವ್ಹೀಲ್ ಪರೀಕ್ಷೆ ಮಾಡಿಸಿ. ನೂರಿನ್ನೂರು ಉಳಿಸೋಕೆ ಹೋಗಿ ಎರಡನೇ ಸಲ ಇಳಿಸೋ ಪರಿಸ್ಥಿತಿ ಬೇಡ.

ಹಲವು ಟರ್ಬೊ ಡೀಸೆಲ್ ಕಾರುಗಳಲ್ಲಿ ಎರಡು ತುಂಡಿನ, ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವ್ಹೀಲ್ ಇರುತ್ತೆ. ಅದನ್ನು ತೆಗೆದು ಒಂಟಿ ತುಂಡಿನದು ಹಾಕಿದರೆ ಗಟ್ಟಿ, ಅಗ್ಗ. ಆದರೆ ಗಾಡಿ ನಿಂತಾಗ ಕಟಕಟ ಸದ್ದು, ನಡುಕ. ಮನೆ ಮಂದಿ ಕೂರುವ ಕಾರಿಗೆ ಎರಡು ಸಲ ಯೋಚಿಸಿ.

ಹಾಕಿಸಿದ ಮೇಲೆ ಮೊದಲ 500ರಿಂದ 800 ಕಿ.ಮೀ. ಮೆಲ್ಲಗೆ, ಊರೊಳಗೆ ಓಡಿಸಿ. ಹೆದ್ದಾರಿಯ ಕಿಲೋಮೀಟರ್ ಲೆಕ್ಕಕ್ಕಿಲ್ಲ. ಪ್ಲೇಟ್ ಕೂರೋದು ಹಿಡಿದು ಬಿಡುವ ಕೆಲಸದಿಂದ. ನಮ್ಮ ಹೊಸ ಕ್ಲಚ್ಚನ್ನು ಪಳಗಿಸಿದ್ದು ಸವಣೂರಿನ ಹಂಪುಗಳು, ಅಂದರೆ ತಮ್ಮನ ಹೆಂಡತಿ.

ಎಂಜಿನ್ ಶಕ್ತಿ ಹೆಚ್ಚಿಸಿದ್ದನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಕ್ಲೇಮಿನ ದಿನ ವಾದ ಮಾಡೋಕೆ ಆಗೋದಿಲ್ಲ.

ನಮ್ಮ ಆಯ್ಕೆಯಲ್ಲಿ ನಷ್ಟವೇ ಇಲ್ಲ ಅನ್ನಲಾರೆ. ಪೆಡಲ್ ಮೊದಲಿಗಿಂತ ಕೊಂಚ ಬಿಗಿ. ದೊಡ್ಡ ಟರ್ಬೊದ ಕನಸು ಸದ್ಯಕ್ಕೆ ಕಪಾಟಿಗೆ ಹೋಗಿದೆ, ತಮ್ಮ ಆಗಾಗ ಅದನ್ನು ತೆಗೆದು ನೋಡ್ತಾನೆ. ಆದರೆ ಮೂರು ತಿಂಗಳಿಂದ ಐದನೇ ಗೇರಿನಲ್ಲಿ ಮುಳ್ಳು, ವೇಗ ಎರಡೂ ಜೊತೆಗೇ ಏರ್ತಿವೆ, ಶಾಲೆಯ ಗಂಟೆಗೆ ಕಾರು ಹೊತ್ತಿಗೆ ಸರಿಯಾಗಿ ತಲುಪ್ತಿದೆ.

ಕ್ಲಚ್ ಕೊಳ್ಳೋಕೆ ಹೋದಾಗ ಅಂಗಡಿಯವರು ಕೇಳೋದು ಎಷ್ಟು ಹಾರ್ಸ್‌ಪವರ್ ಅಂತ. ನೀವು ಅದಕ್ಕೂ ಮೊದಲು ಮನೆಯಲ್ಲಿ ಕೇಳಿ, ಆ ಪೆಡಲ್ ಯಾರ್‍ಯಾರು ಒತ್ತುತ್ತಾರೆ, ದಿನಕ್ಕೆ ಎಷ್ಟು ಸಲ ಅಂತ.