ಮೆಂಟರ್ ಕೋಣೆಯಲ್ಲಿ ಕನ್ನಡದ ಬಾಯಿಗೆ ಬೀಗ!



ಉದ್ಯಾವರ ಗೊತ್ತೇ ನಿನಗೆ? ಉಡುಪಿಗೂ ಕಾಪುವಿಗೂ ನಡುವೆ, ಹೆದ್ದಾರಿಯ ಮೇಲಿನ ಊರು. ಒಂದು ಕಾಲದಲ್ಲಿ ಆಳುಪ ಅರಸರ ರಾಜಧಾನಿ. 8ನೆಯ ಶತಮಾನದಲ್ಲಿ ಇಲ್ಲಿ ಕಾದಾಡಿ ಸತ್ತ ವೀರರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಅದೇ ಊರಿನ ಹುಡುಗ ಇಂದು ಬಸ್ಸು ಹತ್ತಿ ಪಟ್ಟಣದ ಕಾಲೇಜಿಗೆ ಹೋದರೆ, ಅವನ ಕಷ್ಟ ಬರೆದುಕೊಳ್ಳುವ ಫಾರಂ ಇಂಗ್ಲಿಷಿನಲ್ಲಿ!

ಮೆಂಟರ್ ಎಂದರೆ ಯಾರು? ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು. ಯಾವ ವಿಷಯ ಆರಿಸಬೇಕು, ಹಾಜರಿ ಏಕೆ ಕುಸಿಯಿತು, ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ನಿಂತಿತು - ಇದನ್ನೆಲ್ಲ ಕೂತು ಕೇಳಿ ದಾರಿ ತೋರಿಸಬೇಕಾದವರು. ಒಳ್ಳೆಯ ಏರ್ಪಾಡು, ಇಲ್ಲವೆನ್ನುವುದಿಲ್ಲ. ಆದರೆ ನ್ಯಾಕ್ ತಂಡ ಬಂದಾಗ ತೋರಿಸಲು ಫೈಲು ತುಂಬಿದರೆ ಸಾಕು ಎಂದುಕೊಂಡ ಕಾಲೇಜುಗಳೇ ಹೆಚ್ಚು. ಎಷ್ಟು ವಿದ್ಯಾರ್ಥಿಗಳಿಗೆ ಎಷ್ಟು ಮೆಂಟರ್ ಎಂಬ ಲೆಕ್ಕವನ್ನು ನ್ಯಾಕ್ ಕೇಳುತ್ತದೆ. ಆ ಹುಡುಗ ಬಾಯಿ ಬಿಟ್ಟನೇ? ಆ ಲೆಕ್ಕ ಯಾರಿಗೆ ಬೇಕು!

ನನ್ನದೇ ಕತೆ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ಬಿ.ಕಾಂ. ಮೊದಲ ಸೆಮಿಸ್ಟರು. ಅಪ್ಪ ಹಾಸಿಗೆ ಹಿಡಿದಿದ್ದರು. ತಿಂಗಳಿಗೂ ಹೆಚ್ಚು ಕಾಲ ಅಂಗಡಿಯಲ್ಲಿ ನಾನೇ ಕೂತೆ. ಹಾಜರಿ 75ಕ್ಕಿಂತ ಕೆಳಗಿಳಿಯಿತು. ಮೆಂಟರ್ ಕರೆದರು. 'ಎನಿ ಪ್ರಾಬ್ಲಂ?' ಎಂದರು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಅಪ್ಪನ ಕಾಯಿಲೆ, ಅಂಗಡಿಯ ಸಾಲ, ಅಮ್ಮನ ಕಣ್ಣೀರು - ಇಷ್ಟನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? 'ನೋ ಸಾರ್' ಎಂದೆ. ಅವರು ಟಿಕ್ ಹಾಕಿದರು. ಆ ಸಲ ನನ್ನನ್ನು ಪರೀಕ್ಷೆಗೆ ಕೂರಿಸಲಿಲ್ಲ. ಕಾರಣ ಬರೆದು ಮೊದಲೇ ಅರ್ಜಿ ಕೊಡಬಹುದಿತ್ತು ಎಂದು ನನಗೆ ತಿಳಿಸಿದ್ದು ಕ್ಯಾಂಟೀನಿನ ಅಣ್ಣ!

ಇನ್ನೊಂದು ಮಾತು ಕೇಳು. ಆ ಮೇಷ್ಟ್ರು ಹೊರಗಿನವರಲ್ಲ. ಸಂಜೆ ಮೀನು ಮಾರ್ಕೆಟಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುವುದು ತುಳುವಿನಲ್ಲಿ, ಮನೆಯಲ್ಲಿ ಓದುವ ಪೇಪರು ಕನ್ನಡದ್ದು. ಕಾಲೇಜಿನ ಗೇಟು ದಾಟಿದ ಕೂಡಲೇ ನಾಲಿಗೆಗೆ ಟೈ ಬಿಗಿಯುತ್ತದೆ! ದೆಹಲಿಯನ್ನು ಬೈಯುವುದು ಸುಲಭ, ಇವರನ್ನು ಏನೆನ್ನೋಣ?

2021ರಲ್ಲಿ ನಡೆದದ್ದು ನೆನಪಿದೆಯೇ? ಹೊಸ ಶಿಕ್ಷಣ ನೀತಿಯನ್ನು ದೇಶಕ್ಕೇ ಮೊದಲು ನಾವು ತಂದೆವು ಎಂದು ರಾಜ್ಯ ಸರ್ಕಾರ ಎದೆ ತಟ್ಟಿಕೊಂಡಿತು. ಓಪನ್ ಎಲೆಕ್ಟಿವ್, ಮೇಜರ್, ಮೈನರ್, ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ನಾಲ್ಕಕ್ಕೆ ಆನರ್ಸ್! ಹಳ್ಳಿಯ ತಾಯಿತಂದೆಗೆ ಇದನ್ನು ಕನ್ನಡದಲ್ಲಿ ಕೂತು ವಿವರಿಸಿದವರು ಎಷ್ಟು ಜನ? 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಮರಳಿದರು. ನಡುವೆ ಸಿಕ್ಕ ಮಕ್ಕಳು ಸೀನಿಯರ್‌ಗಳ ಗಾಳಿಮಾತು ನಂಬಿ ವಿಷಯ ಆರಿಸಿಕೊಂಡರು.

ಸರ್ಕಾರಿ ಪದವಿ ಕಾಲೇಜುಗಳ ಪಾಡಂತೂ ಕೇಳಲೇಬೇಡ. ಅವು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಅವರೇ ಬೀದಿಯಲ್ಲಿ ಕೂತಿದ್ದರು. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಮೂರು ವರ್ಷದ ದಾರಿ ತೋರಿಸಬೇಕಂತೆ!

'ಇಂಗ್ಲಿಷ್ ಬೇಡವೇ?' ಎಂದು ಕೇಳುವವರಿದ್ದಾರೆ. ಬೇಕು ಸ್ವಾಮಿ, ಚೆನ್ನಾಗಿಯೇ ಕಲಿಸಿ! ಆದರೆ ಕಷ್ಟ ಹೇಳಿಕೊಳ್ಳುವುದು ಇಂಗ್ಲಿಷ್ ಪರೀಕ್ಷೆಯಲ್ಲ. ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಮೀಸಲು. ಸೀಟು ಕೊಟ್ಟು ಒಳಗೆ ಕರೆದುಕೊಂಡು, ಬಾಯಿಗೆ ಬೀಗ ಹಾಕುವುದು ಯಾವ ನ್ಯಾಯ?

ಬೆಂಗಳೂರಿನಲ್ಲಿರು, ಮಣಿಪಾಲದಲ್ಲಿರು, ಹುಬ್ಬಳ್ಳಿಯಲ್ಲಿರು - ಮುಂದಿನ ಸಲ ಮೆಂಟರ್ ಕರೆದಾಗ ಕನ್ನಡದಲ್ಲೇ ಮಾತಾಡು. ಫಾರಂ ಕನ್ನಡದಲ್ಲೇ ತುಂಬು. ಮೊದಲ ವರ್ಷದ ಹುಡುಗ ಹೆದರಿದರೆ ಅವನ ಜೊತೆ ನೀನೂ ಒಳಗೆ ಹೋಗು. ಕನ್ನಡದ ಫಾರಂ ತೆಗೆದುಕೊಳ್ಳುವುದಿಲ್ಲ ಎಂದರೆ ಗಲಾಟೆ ಬೇಡ. ಹಾಗೆಂದು ಕಾಲೇಜಿನ ಸೀಲು ಹಾಕಿ ಬರೆದುಕೊಡಿ ಎಂದು ಕೇಳು. ಕೊಟ್ಟರೆ, ಆ ಕಾಗದದ ಒಂದು ಪ್ರತಿ ನಮಗೆ ತಂದುಕೊಡು. ಮುಂದಿನ ಸಂಚಿಕೆಯಲ್ಲಿ ಮುಖಪುಟಕ್ಕೇ ಹಾಕುತ್ತೇವೆ.