ಎರಡನೇ ಸಲ ಸಿಕ್ಕವನ ಲೈಸೆನ್ಸ್ ಉಳಿಯಬಾರದು

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನು ಮಷೀನ್ ಊದುತ್ತಾನೆ, ಕೋರ್ಟಿಗೆ ಹೋಗಿ ದಂಡ ಕಟ್ಟುತ್ತಾನೆ, ಬೈಕು ಬಿಡಿಸಿಕೊಂಡು ಬರುತ್ತಾನೆ. ‘ದಂಡ ಕಟ್ಟೀನಿ, ಮುಗೀತಲ್ಲ’ ಎನ್ನುತ್ತಾನೆ. ಈ ಮಾತು ಕೊಪ್ಪಳ ಜಿಲ್ಲೆಯ ತಾವರಗೇರಾ ಸೀಮೆಯಲ್ಲಿ ಬೇರೂರುವ ಮೊದಲೇ ಎಚ್ಚರಗೊಳ್ಳಬೇಕು. ಕಾನೂನು ದಂಡಕ್ಕೆ ಮುಗಿಯುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿ.ಲೀ. ರಕ್ತದಲ್ಲಿ ಮದ್ಯದ ಅಂಶ 30 ಮಿ.ಗ್ರಾಂ. ಮೀರಿದರೆ ಅಪರಾಧ. ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಿದರೆ, ವಿಚಾರಣೆಯಲ್ಲಿ ತಪ್ಪು ಕಂಡುಬಂದವನಿಗೆ ಮೊದಲ ಸಲ 3 ತಿಂಗಳು ಅನರ್ಹತೆ, ಮತ್ತೆ ಸಿಕ್ಕರೆ ಲೈಸೆನ್ಸೇ ರದ್ದು. ಎರಡನೇ ಸಲ ಅಪರಾಧ ಸಾಬೀತಾದಾಗ ಕೋರ್ಟು ಲೈಸೆನ್ಸ್ ರದ್ದು ಮಾಡಲೇಬೇಕೆಂದು 22ನೇ ಕಲಂ ಹೇಳುತ್ತದೆ.

ಆದರೆ ಎರಡನೆಯದು ಎರಡನೆಯದೆಂದು ಗೊತ್ತಾಗಬೇಕಾದರೆ ಮೊದಲನೆಯದು ದಾಖಲೆಯಲ್ಲಿ ಸಿಗಬೇಕು. ಕುಷ್ಟಗಿಯಲ್ಲಿ ದಂಡ ಕಟ್ಟಿದವನು ನಾಳೆ ಸಿಂಧನೂರಿನಲ್ಲಿ ಸಿಕ್ಕಾಗ ಹಳೆಯ ಕೇಸು ಯಾರೂ ತೆಗೆದು ನೋಡದಿದ್ದರೆ, ಅವನು ಹೋದಲ್ಲೆಲ್ಲ ‘ಮೊದಲ ಸಲ’ದವನೇ.

ಬೈಕಿನವನು ಕುಡಿದರೆ ಬೀಳುವುದು ಅವನೊಬ್ಬನೇ ಎನ್ನುವವರು ಕರ್ನೂಲನ್ನು ನೆನೆಯಲಿ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕುಡಿದಿದ್ದ ಸವಾರನೊಬ್ಬ ಬಿದ್ದು ಸತ್ತ. ರಸ್ತೆಯಲ್ಲೇ ಉಳಿದ ಅವನ ಬೈಕಿನ ಮೇಲೆ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ಹರಿದು ಬೆಂಕಿ ಹೊತ್ತಿಕೊಂಡಿತು. 19 ಪ್ರಯಾಣಿಕರು ಸುಟ್ಟು ಸತ್ತರು.

ಗಾಂಜಾ, ಮಾತ್ರೆಗಳ ನಶೆಯೂ ಇದೇ ಕಲಮಿನಡಿ ಬರುತ್ತದೆ. ಆದರೆ ಊದಿಸುವ ಮಷೀನಿಗೆ ಅದು ಸಿಗುವುದಿಲ್ಲ. ಅನುಮಾನ ಬಂದಾಗ ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು.

ಲೈಸೆನ್ಸ್ ಹೋದರೆ ಟಂಟಂ, ಕ್ರೂಸರ್ ಓಡಿಸುವವರ ಮನೆಯ ಒಲೆ ಆರುತ್ತದೆ, ನಿಜ. ಅದಕ್ಕೇ ಮೊದಲ ಸಲದ ಮೂರು ತಿಂಗಳನ್ನು ಬಿಗಿಯಾಗಿ ಜಾರಿ ಮಾಡಬೇಕು. ಆಗ ತಿದ್ದಿಕೊಂಡವನು ಎರಡನೇ ಸಲಕ್ಕೆ ಹೋಗುವುದಿಲ್ಲ. ಅದೇ ಗಾಡಿಯಲ್ಲಿ ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೂ ಮನೆಯಿದೆ, ಮಕ್ಕಳಿದ್ದಾರೆ.

ಕೊಪ್ಪಳದ ಗವಿಮಠದ ಜಾತ್ರೆಗೆ, ಮದುವೆಗಳಿಗೆ ರಾತ್ರಿ ರಸ್ತೆಗಳು ತುಂಬುತ್ತವೆ. ಅದಕ್ಕೂ ಮುನ್ನ ಜಿಲ್ಲಾ ಪೊಲೀಸರು ಪ್ರತಿ ಕೇಸಿನ ಲೈಸೆನ್ಸನ್ನೂ ಕೊಪ್ಪಳದ ಆರ್‌ಟಿಒಗೆ ಕಳಿಸಲಿ. ಆರ್‌ಟಿಒ ಪ್ರತಿ ಆದೇಶವನ್ನೂ ಲೈಸೆನ್ಸ್ ದಾಖಲೆಗಳಿರುವ ಸಾರಥಿ ತಂತ್ರಾಂಶಕ್ಕೆ ಏರಿಸಲಿ. ಎಷ್ಟು ಲೈಸೆನ್ಸ್ ಬಂದವು, ಎಷ್ಟು ರದ್ದಾದವು ಎಂಬುದನ್ನು ಪ್ರತಿ ತಿಂಗಳು ಜನರ ಮುಂದಿಡಲಿ. ಹೊಸ ಕಾನೂನು ಬೇಕಿಲ್ಲ, ಇರುವುದನ್ನು ನಡೆಸಿದರೆ ಸಾಕು.