ಆ 11 ಸೆಕೆಂಡಿನ ವಿಡಿಯೊ

ನನ್ನ ಮೊಬೈಲಿನಲ್ಲಿ 11 ಸೆಕೆಂಡಿನ ಒಂದು ವಿಡಿಯೊ ಇದೆ. ಯಾರಿಗೂ ಕಳಿಸಿಲ್ಲ, ಸ್ಟೇಟಸ್‌ಗೂ ಹಾಕಿಲ್ಲ. ಡಿಲೀಟ್ ಮಾಡೋಣ ಅಂತ ಎರಡು ಮೂರು ಸಲ ತೆಗೆದು, ಮತ್ತೆ ಹಾಗೇ ಬಿಟ್ಟಿದ್ದೇನೆ. ಈ ಸಲ ಅದರ ಕಥೆ ಹೇಳಿಬಿಡ್ತೀನಿ.

ನಮ್ಮೂರು ಮಧುವನಹಳ್ಳಿ. ಕೊಳ್ಳೇಗಾಲದಿಂದ ಹನೂರಿನ ಕಡೆ ಹೊರಟರೆ ದಾರಿಯಲ್ಲೇ ಸಿಗುತ್ತೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಪರಸೆಯವರನ್ನು ನೋಡುತ್ತಲೇ ಬೆಳೆದವರು ನಾವು. ಅಮ್ಮನ ತವರು ಲೊಕ್ಕನಹಳ್ಳಿ ಕಡೆ, ಕಾಡಂಚಿನಲ್ಲಿ. ಬೇಸಿಗೆ ರಜೆ, ದಸರಾ ರಜೆ ಎಲ್ಲಾ ಅಲ್ಲೇ. ಮಾವನ ಜಮೀನಿನಲ್ಲಿ ಮುಸುಕಿನ ಜೋಳ ತೆನೆ ಕಟ್ಟಿತೆಂದರೆ ರಾತ್ರಿ ಕಾವಲು ಶುರು. ಮರದ ಮೇಲೆ ಕಟ್ಟಿದ ಅಟ್ಟಣೆ, ಒಂದು ಕಂಬಳಿ, ಒಂದು ಟಾರ್ಚು, ಒಂದು ತಗಡಿನ ಡಬ್ಬ. ಹತ್ತು ವರ್ಷದ ನನಗೆ ಅದೇ ಕ್ಯಾಂಪಿಂಗು.

ಒಂದು ರಾತ್ರಿ ಜೋಳದ ಗರಿ ಸರಿದ ಸದ್ದು. ನಾನು ಗಾಬರಿಯಲ್ಲಿ ಟಾರ್ಚ್ ಎತ್ತಿದೆ. ಮಾವ ಅದರ ಗಾಜಿಗೆ ಅಂಗೈ ಅಡ್ಡ ಹಿಡಿದು ಮೆಲ್ಲಗೆ ಅಂದ: "ಕಣ್ಗ ಬುಡಬ್ಯಾಡ ಕಣ್ಲಾ. ಅದ್ಕ ದಾರಿ ಕಾಣ್ದಂಗಾಯ್ತದ. ದಾರಿ ಕಾಣ್ದೇ ಇದ್ರ ನಮ್ ಕಡೀಕೇ ಬತ್ತದ." ಕತ್ತಲಲ್ಲಿ ಒಂದು ಕಪ್ಪು ಗುಡ್ಡ ನಿಧಾನವಾಗಿ ದಾಟಿಕೊಂಡು ಹೋಯಿತು. ಉಸಿರಾಡಿದ್ದು ಕೇಳಿಸಿತು. ಅಷ್ಟೇ.

ಇನ್ನೊಂದು ವರ್ಷ ಸಂಜೆ ಹೊತ್ತು, ಊರಾಚೆ ರಸ್ತೆ ದಾಟಲು ಆನೆಗಳ ಒಂದು ಗುಂಪು ಕಾದು ನಿಂತಿತ್ತು. ಎಲ್ಲಿಂದಲೋ ಬಂದ ಕಾರಿನವರು ನಿಲ್ಲಿಸಿ, ಇಳಿದು, ಹಾರ್ನ್ ಹೊಡೆದು, ಫ್ಲ್ಯಾಶ್ ಹಾಕಿ ಫೋಟೊ ತೆಗೆದರು. ಆನೆಗಳು ದಾಟಲಿಲ್ಲ, ಹಿಂದಿರುಗಿ ಹೊಲಗಳ ಕಡೆ ನುಗ್ಗಿದವು. ಕಾರಿನವರು ಖುಷಿಯಾಗಿ ಹೊರಟುಹೋದರು. ಬೆಳಗ್ಗೆ ಹೊತ್ತಿಗೆ ಮಾವನ ನಾಲ್ಕು ತಿಂಗಳ ಜೋಳ ನೆಲಸಮ. ಆ ಕಾರಿನವರನ್ನು ನಾನು ಇವತ್ತಿಗೂ ಬೈಯ್ಕೊಳ್ತೀನಿ. "ಸಿಟಿಯವರಿಗೆ ಬುದ್ಧಿ ಇಲ್ಲ" ಅನ್ನುವುದು ನನ್ನ ಖಾಯಂ ಡೈಲಾಗು.

ಈಗ ನಾನೂ ಮೈಸೂರಿನಲ್ಲಿ ಕೆಲಸ ಮಾಡುವ ಸಿಟಿಯವನೇ ಅನ್ನುವುದನ್ನು ಮರೆತಿದ್ದೆ ನೋಡಿ, ಅಲ್ಲೇ ಎಡವಿದ್ದು.

ಜನವರಿ ಕೊನೆ, ಗಣರಾಜ್ಯೋತ್ಸವದ ಲಾಂಗ್ ವೀಕೆಂಡು. ಆಫೀಸಿನ ನಾವು ನಾಲ್ವರು, ಒಂದು ಕಾರು, ಎರಡು ಟೆಂಟು. ಹಾಸನ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರಕ್ಕೆ ಇಳಿಯುವುದು, ಕಡಲ ದಂಡೆಯಲ್ಲಿ ಮಲಗುವುದು ಅಂತ ಪ್ಲ್ಯಾನು. ನಾಲ್ಕುನೂರು ಕಿಲೋಮೀಟರ್ ಮೀರಿದ ದಾರಿ. ಜೋಗ ನೋಡಿಕೊಂಡು ಮಾವಿನಗುಂಡಿ ಬಿಟ್ಟು ಮಲೆಮನೆ ಘಾಟಿ ಇಳಿಯುವಾಗ ರಸ್ತೆ ಬದಿಯ ಮರದಲ್ಲಿ ಸಿಂಗಳೀಕ ಕಾಣಿಸಿತು. ಕಪ್ಪು ಮುಖದ ಸುತ್ತ ಬೂದು ಬಿಳಿಯ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಕಾಡಿನಲ್ಲಿ ಸಿಗದ ಪ್ರಾಣಿ ಅದು. ಮರದಿಂದ ಮರಕ್ಕೇ ಓಡಾಡಿಕೊಂಡು, ಎತ್ತರದಲ್ಲೇ ಬದುಕುವ ಜೀವ. ಶರಾವತಿ ಕಣಿವೆಯ ಅಭಯಾರಣ್ಯಕ್ಕೆ 2019ರಲ್ಲಿ ಇದರ ಹೆಸರನ್ನೇ ಸೇರಿಸಿದ್ದಾರೆ.

ಗೆಳೆಯನೊಬ್ಬ ಬಿಸ್ಕತ್ ಪ್ಯಾಕೆಟ್ ಬಿಚ್ಚಿದ. ನಾನು ಬಿಡ್ತೀನಾ? "ಒಂದು ಸಲ ತಿಂಡಿ ಸಿಕ್ಕಿದ್ರೆ ಮರ ಬಿಟ್ಟು ರಸ್ತೆಗಿಳಿಯೋದು ಕಲಿಯುತ್ತೆ. ಆಮೇಲೆ ಗಾಡಿ ಚಕ್ರಕ್ಕೆ ಸಿಗುತ್ತೆ" ಅಂತ ಹತ್ತು ನಿಮಿಷ ಪಾಠ ಮಾಡಿದೆ. ಅವನು ಪ್ಯಾಕೆಟ್ ಮಡಚಿ, "ಆಯ್ತು ಬಿಡಪ್ಪ ಕಾಡಿನ ಮಾಸ್ತರೇ" ಅಂದ. ಒಳಗೊಳಗೇ ಹೆಮ್ಮೆ ನನಗೆ.

ಟೆಂಟ್ ಹಾಕಿದ ದಂಡೆಯ ಹೆಸರು ಹೇಳಲ್ಲ. ಯಾಕೆ ಅಂತ ಓದುತ್ತಾ ನಿಮಗೇ ಗೊತ್ತಾಗುತ್ತೆ. ಹತ್ತಿರದ ಮನೆಯ ಹಿರಿಯ ಮೀನುಗಾರರೊಬ್ಬರ ತೆಂಗಿನ ತೋಟದ ಅಂಚಿನಲ್ಲಿ, ಅವರನ್ನು ಕೇಳಿಯೇ ಹಾಕಿದ್ದು. ಅವರು ಎರಡೇ ಮಾತು ಹೇಳಿದ್ದರು: "ದಂಡೆ ಮೇಲೆ ಬೆಂಕಿ ಬೇಡ. ಲೈಟ್ ಬೇಡ." ಕಳ್ಳರ ಕಾಟವೋ, ಪೊಲೀಸರ ಕಾಟವೋ ಇರಬೇಕು ಅಂದ್ಕೊಂಡು ನಾವು ಹೂಂಗುಟ್ಟಿದೆವು. ಯಾಕೆ ಅಂತ ಕೇಳಲಿಲ್ಲ.

ರಾತ್ರಿ ಒಂದೂವರೆ ಇರಬೇಕು, ನಿದ್ದೆ ಬರದೆ ಹೊರಗೆ ಕೂತಿದ್ದೆ. ಅಲೆಯ ಅಂಚಿನಲ್ಲಿ ಒಂದು ಕಲ್ಲು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕಲ್ಲು ಮುಂದೆ ಬಂದಿದೆ! ಇನ್ನಷ್ಟು ಮುಂದೆ. ನಾಲ್ಕು ಹೆಜ್ಜೆ ಎಳೆಯುವುದು, ನಿಲ್ಲುವುದು, ದೊಡ್ಡ ಉಸಿರು ಬಿಡುವುದು. ಕಡಲಾಮೆ! ಗೆಳೆಯರನ್ನು ಎಬ್ಬಿಸಿದೆ. ನಾವು ನಿಂತಲ್ಲಿಂದ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ, ನೀರಿನಲ್ಲಿ ಹಗುರಾಗಿ ಈಜುವ ಆ ಜೀವ ಮರಳಿನ ಮೇಲೆ ತನ್ನ ಭಾರವನ್ನು ತಾನೇ ಎಳೆದುಕೊಂಡು ಬರ್ತಾ ಇತ್ತು.

ಮೊಬೈಲ್ ಕೈಗೆ ಬಂದದ್ದು ಯಾವಾಗ ಅಂತ ನನಗೇ ನೆನಪಿಲ್ಲ. ವಿಡಿಯೊ ಆನ್ ಮಾಡಿದರೆ ಸ್ಕ್ರೀನೆಲ್ಲಾ ಕಪ್ಪು. ಟಾರ್ಚ್ ಒತ್ತಿದೆ.

ಹೌದು, ಒತ್ತಿದ್ದು ನಾನೇ. ಬಿಸ್ಕತ್ ಗೆಳೆಯ ಅಲ್ಲ.

ಬಿಳಿ ಬೆಳಕು ನೇರವಾಗಿ ಮುಖಕ್ಕೆ ಬಿತ್ತು. ಕಣ್ಣಿಂದ ನೀರು ಇಳಿದಿತ್ತು, ಮರಳು ಮೆತ್ತಿತ್ತು. ಒಂದು ಕ್ಷಣ ಕಲ್ಲಿನ ಹಾಗೆ ನಿಂತುಬಿಟ್ಟಿತು. ಹಿಂದಿನಿಂದ ಧ್ವನಿ ಬಂತು: "ತಮಾ, ಬಂದ್ ಮಾಡು! ಲೈಟ್ ಬಂದ್ ಮಾಡು!" ಆ ಹಿರಿಯರು ಓಡಿ ಬರ್ತಿದ್ದರು. ಆರಿಸಿದೆ. ತಡವಾಗಿತ್ತು. ಆಮೆ ನಿಧಾನವಾಗಿ ಅರ್ಧ ಸುತ್ತು ತಿರುಗಿತು. ಬಂದಷ್ಟೇ ಕಷ್ಟಪಟ್ಟುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರುಬಿಟ್ಟು, ಕಡಲಿಗೆ ವಾಪಸ್ ಹೋಯಿತು. ಒಂದೂ ಮೊಟ್ಟೆ ಇಡಲಿಲ್ಲ.

ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರಳಿನ ಮೇಲೆ ಕೂತು, "ಮತ್ತೆ ಬಂದ್ರೂ ಬರ್ತದೆ. ಹೊಟ್ಟೆ ತುಂಬಾ ಮೊಟ್ಟೆ ಇಟ್ಕೊಂಡು ಎಷ್ಟು ಅಂತ ತಿರುಗ್ತದೆ ಪಾಪ" ಅಂದರು.

ಆಮೇಲೆ ಅವರು ಹೇಳಿದ್ದು, ಮನೆಗೆ ಬಂದು ನಾನು ಓದಿಕೊಂಡದ್ದು ಎರಡನ್ನೂ ಸೇರಿಸಿ ಹೇಳ್ತೀನಿ ಕೇಳಿ. ಅದು ಆಲಿವ್ ರಿಡ್ಲೆ ಜಾತಿಯ ಆಮೆ. ಸುಮಾರು ಎರಡು ಅಡಿ ಉದ್ದ, 40 ಕೆ.ಜಿ. ಆಸುಪಾಸು ತೂಕ. ಒಡಿಶಾದ ಗಹಿರಮಾಥಾ, ಋಷಿಕುಲ್ಯದ ದಂಡೆಗಳಿಗೆ ಲಕ್ಷಗಟ್ಟಲೆ ಒಟ್ಟಿಗೆ ಬರುವುದು ಇದೇ. ನಮ್ಮ ಕರಾವಳಿಗೆ ಹಾಗಲ್ಲ, ಚಳಿಗಾಲದ ರಾತ್ರಿಗಳಲ್ಲಿ ಒಂಟಿ ಒಂಟಿಯಾಗಿ ಬರುತ್ತವೆ. ಹೊನ್ನಾವರದ ಕಾಸರಕೋಡು ಟೊಂಕ, ಕಾರವಾರದ ದೇವಬಾಗ, ಕುಂದಾಪುರದ ಕೋಡಿ ಇಂಥ ಕಡೆಗಳಲ್ಲಿ. ಹಾಗಾಗಿ ಇಲ್ಲಿ ಒಂದು ಆಮೆ ವಾಪಸ್ ಹೋದರೂ ಅದು ದೊಡ್ಡ ಲೆಕ್ಕವೇ.

ಹಿಂದಿನ ಕಾಲಿನಿಂದ ಸುಮಾರು ಒಂದೂವರೆ ಅಡಿ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೋಗುತ್ತೆ. ಕಣ್ಣೀರು ಅಳುವಲ್ಲ, ದೇಹದ ಹೆಚ್ಚುವರಿ ಉಪ್ಪನ್ನು ಹೊರಹಾಕುವ ಬಗೆ. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಅಷ್ಟು ಬೇಗ ಕದಲುವುದಿಲ್ಲ. ಆದರೆ ನೀರಿನಿಂದ ಎದ್ದು ಜಾಗ ಹುಡುಕುವ ಹೊತ್ತಿನಲ್ಲಿ ಒಂದು ಬೆಳಕು, ಒಂದು ಅಲುಗಾಟ ಸಾಕು, ತಿರುಗಿಬಿಡುತ್ತೆ. ಅದೇ ರಾತ್ರಿಯೋ ಮರುದಿನವೋ ಮತ್ತೆ ಪ್ರಯತ್ನಿಸುತ್ತೆ. ಮತ್ತೆ ಮತ್ತೆ ಜಾಗ ಸಿಗದಿದ್ದರೆ ಕೊನೆಗೆ ಮೊಟ್ಟೆಗಳನ್ನು ನೀರಿನಲ್ಲೇ ಬಿಟ್ಟುಬಿಡುವುದೂ ಉಂಟು. ನೀರಿಗೆ ಬಿದ್ದ ಮೊಟ್ಟೆ ಮರಿಯಾಗುವುದಿಲ್ಲ.

ಬೆಳಗ್ಗೆ ಅವರು ನಮ್ಮನ್ನು ಕರೆದುಕೊಂಡು ಹೋಗಿ ಗುರುತು ತೋರಿಸಿದರು. ಸಣ್ಣ ಟ್ರ್ಯಾಕ್ಟರ್ ಚಕ್ರ ಹೋದ ಹಾಗೆ ಮರಳಿನ ಮೇಲೆ ಪಟ್ಟಿ. ನೀರಿನಿಂದ ಮೇಲೆ ಬಂದು, ತಿರುಗಿ, ನೀರಿಗೇ ಹೋಗಿತ್ತು. ನಡುವೆ ಎಲ್ಲೂ ಗುಂಡಿ ಇರಲಿಲ್ಲ. ಸ್ವಲ್ಪ ದೂರದಲ್ಲಿ ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಪಾಡಿದ್ದ ಒಂದು ಗೂಡಿತ್ತು. ಮೊದಲು ನೋಡಿ ಸುದ್ದಿ ಮುಟ್ಟಿಸಿದ್ದು ಇವರೇ ಅಂತೆ. ಬಲೆಯ ಹತ್ತಿರ ಬಿದ್ದಿದ್ದ ನಾಯಿ ಹೆಜ್ಜೆಗಳನ್ನು ಬಗ್ಗಿ ನೋಡುತ್ತಿದ್ದ ಅವರು ಥೇಟ್ ನಮ್ಮ ಮಾವನ ಹಾಗೇ ಕಂಡರು. ಮರಿಗಳು 45ರಿಂದ 60 ದಿನಕ್ಕೆ ಹೊರಬರುತ್ತವೆ. ಕತ್ತಲಲ್ಲಿ ಎಲ್ಲಿ ಹೆಚ್ಚು ಬೆಳಕೋ ಅತ್ತ ನಡೆಯುತ್ತವೆ. ಸಹಜವಾಗಿ ಅದು ಕಡಲ ಕಡೆಯ ಆಕಾಶ. ದಂಡೆಯ ಮೇಲೆ ರೆಸಾರ್ಟಿನ ದೀಪವೋ, ನಮ್ಮಂಥವರ ಟೆಂಟಿನ ಲ್ಯಾಂಟರ್ನೋ ಉರಿಯುತ್ತಿದ್ದರೆ ಊರ ಕಡೆ ತಿರುಗಿ ನಡೆದು ಸಾಯುತ್ತವೆ.

ನಾಲ್ವರೂ ಮಾತಿಲ್ಲದೆ ಟೆಂಟ್ ಮಡಚಿದೆವು. ಆ ಕಾರಿನವರನ್ನು ನಾನು ಇಷ್ಟು ವರ್ಷ ಕೆಟ್ಟವರು ಅಂದ್ಕೊಂಡಿದ್ದೆ. ಅವರಿಗೂ ಹೀಗೇ ಆಗಿರಬೇಕು. ಖುಷಿ ಆಯ್ತು, ಕೈಯಲ್ಲಿ ಕ್ಯಾಮೆರಾ ಇತ್ತು, ಅಷ್ಟೇ. ನಮ್ಮೂರಿನ ಆನೆಯ ವಿಷಯ ನನಗೆ ಗೊತ್ತಿತ್ತು, ಯಾಕೆಂದರೆ ಅಲ್ಲಿ ನಷ್ಟ ನಮ್ಮದು. ಇಲ್ಲಿ ನಷ್ಟ ಬೇರೆಯವರದ್ದು, ನಾನು ಬರೀ ಬಂದು ಹೋಗುವವನು.

ಹಾಗಂತ ಯಾರೂ ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ. ಆದರೆ ಟೆಂಟ್ ಹಾಕುವ ಮುಂಚೆ ಆ ಊರಿನವರನ್ನು ಕೇಳಿ; ಅವರು "ಬೇಡ" ಅಂದರೆ ಯಾಕೆ ಅಂತಲೂ ಕೇಳಿ ತಿಳ್ಕೊಳ್ಳಿ. ನವೆಂಬರಿನಿಂದ ಮಾರ್ಚ್‌ವರೆಗೆ ಮರಳಿನ ಮೇಲೆ ಗಾಡಿ ಓಡಿಸಬೇಡಿ, ಬೆಂಕಿ ಹಾಕಬೇಡಿ. ಆಮೆ ಕಂಡರೆ ಇದ್ದಲ್ಲೇ ಕೂತುಬಿಡಿ, ಬೆಳಕು ಆರಿಸಿ, ಅದರ ಮುಂದೆ ಹೋಗಬೇಡಿ. ಗುರುತು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಇರುವ ಪ್ರಾಣಿ ಇದು, ಮೊಟ್ಟೆ ಮುಟ್ಟುವುದೂ ಅಪರಾಧವೇ. ಲೊಕೇಶನ್ ಹಾಕಬೇಡಿ, ಇದು ಮುಖ್ಯ.

ಮುಂದಿನ ಭಾನುವಾರ ಲೊಕ್ಕನಹಳ್ಳಿ ಕಡೆ ಹೋಗಿದ್ದೆ. ಮಾವನಿಗೆ ವಿಡಿಯೊ ತೋರಿಸಿದೆ. ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ. "ಮೊಟ್ಟ ಇಟ್ತಾ?" ಅಂತ ಕೇಳಿದ.

"ಇಲ್ಲ ಮಾವ. ವಾಪಸ್ ಹೋಯ್ತು."

"ಟಾರ್ಚ್ ಬುಟ್ಟಿದ್ದು ಯಾರ್ಲಾ?"

ನಾನು ಸುಮ್ಮನಿದ್ದೆ. ಮಾವ ಮೊಬೈಲನ್ನು ನನ್ನ ಕೈಗಿಟ್ಟು, ಎದ್ದು ಜೋಳದ ಕಡೆ ನಡೆದ. ಆ ವಿಡಿಯೊ ಇನ್ನೂ ಹಾಗೇ ಇದೆ.